ಕೈ, ಬೆರಳು, ಬಾಯಿ

ಹೊಲಿಗೆ ಮೇಡಂಗೆ ಕಂಪ್ಯೂಟರ್ ಕೋಣೆ ಗಂಟುಬಿದ್ದದ್ದು ಯಾರ ಪುಣ್ಯವೋ ಯಾರ ಪಾಪವೋ ಗೊತ್ತಿಲ್ಲ. ಕಂಪ್ಯೂಟರ್ ಮೇಷ್ಟ್ರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ಬೆಳಿಗ್ಗೆ ದೊಡ್ಡ ಮೇಷ್ಟ್ರು ಬೀಗದ ಕೈ ತಂದು ಹೊಲಿಗೆ ಮೇಡಂ ಅಂಗೈಯಲ್ಲಿಟ್ಟರು.

“ಅದೂ ಮೆಷಿನ್ನೇ, ಇದೂ ಮೆಷಿನ್ನೇ. ನಿಮ್ಮ ಕೈಲಿ ಆಗುತ್ತೆ ಮೇಡಂ.”

ಮೇಡಂ ಸೋಲುವ ಪೈಕಿ ಅಲ್ಲ. ಹಳೇ ಮೇಷ್ಟ್ರು ಬಿಟ್ಟುಹೋಗಿದ್ದ ಪುಸ್ತಕವನ್ನು ಮೂರು ಸಲ ಓದಿ ಬಾಯಿಪಾಠ ಮಾಡಿದರು. ಕಂಪ್ಯೂಟರ್ ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ. ಬಟ್ಟೆ ಹಾಳಾದರೆ ಬಿಚ್ಚಿ ಹೊಲಿಯಬಹುದು, ಇದು ಹಾಳಾದರೆ ಏನು ಬಿಚ್ಚುವುದು? ಅದಕ್ಕೇ ಅವರು ಹೊಲಿಗೆ ತರಗತಿಯ ಕ್ರಮವನ್ನೇ ಇಲ್ಲಿಗೂ ತಂದರು. ಅಲ್ಲಿ ಅಳತೆ ತೆಗೆಯುವವರು ಒಬ್ಬರು, ಕತ್ತರಿಸುವವರು ಒಬ್ಬರು, ಹೊಲಿಯುವವರು ಒಬ್ಬರು. ಇಲ್ಲಿ ಒಂಬತ್ತು ಕಂಪ್ಯೂಟರ್, ಇಪ್ಪತ್ತೇಳು ಮಕ್ಕಳು. ಪ್ರತಿ ಕಂಪ್ಯೂಟರಿಗೆ ಮೂವರು. ಮೌಸ್ ಹಿಡಿಯುವವರು ‘ಕೈ’, ಅಕ್ಷರ ಒತ್ತುವವರು ‘ಬೆರಳು’, ಏನು ಮಾಡಬೇಕೆಂದು ಹೇಳುವವರು ‘ಬಾಯಿ’.

ಅಬ್ಬಾ, ಹೇಗೆ ನಡೆಯಿತೆಂದರೆ! ಮೂರು ತಿಂಗಳಲ್ಲಿ ಆ ಮಕ್ಕಳು ಪತ್ರ ಬರೆದರು, ಚಿತ್ರ ಬಿಡಿಸಿದರು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಇಮೇಲ್ ಕಳಿಸಿದರು. ಕಿಟಕಿಯಿಂದ ನೋಡಿದ ದೊಡ್ಡ ಮೇಷ್ಟ್ರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಬೆನ್ನ ಹಿಂದೆ ಕೈಕಟ್ಟಿ ಗತ್ತಿನಲ್ಲಿ ಓಡಾಡುತ್ತಿದ್ದ ಮೇಡಂಗೆ ತಾವು ಏನನ್ನೂ ಮುಟ್ಟಿಲ್ಲವೆಂಬುದು ಮರೆತೇಹೋಗಿತ್ತು.

ಒಂದು ಸೋಮವಾರ ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂತು. ಗುರುವಾರ ಪರೀಕ್ಷಕರು ಬರುತ್ತಾರೆ. ಪ್ರತಿ ಮಗುವೂ ಒಬ್ಬೊಬ್ಬರೇ ಕೂತು ನಾಲ್ಕು ಸಾಲಿನ ಪತ್ರ ಬರೆದು ಕಳುಹಿಸಬೇಕು. ಇಪ್ಪತ್ತು ಮಕ್ಕಳಾದರೂ ಗೆಲ್ಲಬೇಕು, ಕಲಿಸುವವರೂ ಕೂತು ಗೆಲ್ಲಬೇಕು. ಇಲ್ಲವಾದರೆ ಒಂಬತ್ತೂ ಕಂಪ್ಯೂಟರ್ ಬೇರೆ ಶಾಲೆಯ ಪಾಲು.

ಮೇಡಂ ಬಾಗಿಲು ಹಾಕಿಕೊಂಡು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ನೋಡಿದರು. ಸರಿ, ನಗೆಪಾಟಲು ಶುರುವಾಯಿತು. ‘ಕೈ’ಗಳು ಮೌಸನ್ನು ಬೇಕಾದಲ್ಲಿಗೆ ತಂದು ನಿಲ್ಲಿಸಿ, ಒಂದು ‘ಅ’ ಹುಡುಕಲು ಹತ್ತು ನಿಮಿಷ ತೆಗೆದುಕೊಂಡವು. ‘ಬೆರಳು’ಗಳು ಪಟಪಟ ಪತ್ರ ಮುಗಿಸಿ, ಅದನ್ನು ಕಳುಹಿಸುವುದು ಹೇಗೆಂದು ತಿಳಿಯದೆ ಪರದೆಯನ್ನೇ ಬೆರಳಿಂದ ತಿವಿದವು. ‘ಬಾಯಿ’ಗಳ ಕಥೆಯಂತೂ ಕೇಳಲೇಬೇಡಿ. ಎಲ್ಲರೂ ಪಟಾಕಿ ಎಂದು ಕರೆಯುತ್ತಿದ್ದ ಹುಡುಗಿ ಆ ಪೈಕಿ ಮುಂದಾಳು. ಅವಳು ಕಂಪ್ಯೂಟರ್ ಎದುರು ಕೈಕಟ್ಟಿ ಕೂತು, “ಮೇಲಿನ ಮೂಲೆಗೆ ಹೋಗು! ಒತ್ತು! ಒತ್ತೋ!” ಎಂದು ತನಗೆ ತಾನೇ ಗದರುತ್ತಿದ್ದಳು.

“ಒತ್ತೇ ತಾಯಿ!” ಎಂದರು ಮೇಡಂ.

“ಹೇಗೆ ಅಂತ ಒಂದ್ಸಲ ನೀವೇ ಮಾಡಿ ತೋರಿಸಿ ಮೇಡಂ.”

ಇಪ್ಪತ್ತೇಳು ಜೊತೆ ಕಣ್ಣು ಮೇಡಂ ಮೇಲೆ. ತಲೆನೋವೆನ್ನಬಹುದಿತ್ತು, ಗಂಟೆ ಬಾರಿಸಿತೆನ್ನಬಹುದಿತ್ತು. ಯಾವ ನೆಪವೂ ನಾಲಿಗೆಗೆ ಬರಲಿಲ್ಲ.

“ನನಗೂ ಬರಲ್ಲ ಕಣ್ರೋ. ನಾನೂ ಬರೀ ಬಾಯಿನೇ.”

ಪಟಾಕಿ ಕಿಸಕ್ಕೆಂದಳು. ಅಷ್ಟೇ ಸಾಕಾಯಿತು, ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಮೇಡಂಗೆ ಮೊದಲು ಅವಮಾನವಾಯಿತು, ನಂತರ ಅವರಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಮೂರು ತಿಂಗಳ ಭಯ ಅರ್ಧಕ್ಕರ್ಧ ಇಳಿದಿತ್ತು.

“ಜರುಗೇ,” ಎಂದು ಪಟಾಕಿಯ ಪಕ್ಕದಲ್ಲೇ ಕೂತರು. “ಇವತ್ತಿಂದ ನಾನೂ ನಿಮ್ಮ ಜೊತೆ.”

ಮುಂದಿನ ಎರಡು ದಿನ ಆ ಕೋಣೆ ಸಂತೆಯಾಯಿತು. ‘ಕೈ’ ‘ಬೆರಳಿ’ಗೆ ಕಲಿಸಿತು, ‘ಬೆರಳು’ ‘ಬಾಯಿ’ಗೆ ಕಲಿಸಿತು. ಮೇಡಂ ಎಲ್ಲರ ಹತ್ತಿರವೂ ಬೈಸಿಕೊಂಡು ಕಲಿತರು. “ಅಷ್ಟು ಜೋರಾಗಿ ಯಾಕೆ ಒತ್ತುತ್ತೀರಾ ಮೇಡಂ, ಅಂಗಿಗೆ ಗುಂಡಿ ಹಾಕ್ತಿದ್ದೀರಾ?” ಎಂದು ಒಬ್ಬ ಗದರಿದ. ಅವರು ವಿಧೇಯರಾಗಿ ಮೆಲ್ಲಗೆ ಒತ್ತಿದರು. ಮೊದಲ ಸಲ ಪರದೆಯ ಮೇಲೆ ತಮ್ಮದೇ ಅಕ್ಷರ ಮೂಡಿದಾಗ, ಐವತ್ತಮೂರರ ಆ ಹೆಂಗಸು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿಬಿಟ್ಟರು.

ಗುರುವಾರ ಪರೀಕ್ಷಕರು ಬಂದರು. ಮುಖದಲ್ಲಿ ನಗುವಿನ ಸುಳಿವೇ ಇಲ್ಲದ ಮನುಷ್ಯ. ತಮ್ಮ ಇಮೇಲ್ ವಿಳಾಸವನ್ನು ಹಲಗೆಯ ಮೇಲೆ ಬರೆದು, “ಇದಕ್ಕೇ ಕಳುಹಿಸಿ. ಯಾರೂ ಹೇಳಿಕೊಡಬಾರದು,” ಎಂದರು. ಒಂಬತ್ತೊಂಬತ್ತು ಮಕ್ಕಳು ಕೂತೆದ್ದರು. ಲೆಕ್ಕ ಹಾಕಿದಾಗ ಗೆದ್ದವರು ಇಪ್ಪತ್ತೆರಡು. ಪಟಾಕಿಯೂ ಗೆದ್ದಿದ್ದಳು, ಪೂರ್ತಿ ಪರೀಕ್ಷೆಯಲ್ಲಿ ಒಂದೇ ಒಂದು ಮಾತೂ ಆಡದೆ!

“ಇನ್ನು ನೀವು, ಮೇಡಂ.”

ಮಕ್ಕಳನ್ನು ಹೊರಗೆ ಕಳುಹಿಸಲಾಯಿತು. ಕಿಟಕಿಯ ಸರಳುಗಳಿಗೆ ಇಪ್ಪತ್ತೇಳು ಮೂಗುಗಳು ಅಂಟಿಕೊಂಡವು. ಪಟಾಕಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದಳು.

ಮೇಡಂ ಅಂಗೈ ಬೆವರಿತ್ತು, ಮೌಸ್ ಜಾರುತ್ತಿತ್ತು. ತಾವು ಸೋತರೆ ಮಕ್ಕಳ ಗೆಲುವೂ ನೀರಲ್ಲಿ ಹೋಮ. ಸೆರಗಿಗೆ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಬರೆದರು:

‘ಮಾನ್ಯರೇ, ನಾವು ಇಪ್ಪತ್ತೆಂಟು ಜನ ಕಲಿಯುತ್ತಿದ್ದೇವೆ. ಕಂಪ್ಯೂಟರ್ ಇರುವುದು ಒಂಬತ್ತು. ಇವನ್ನು ಒಯ್ಯಬೇಡಿ. ಇನ್ನೂ ಹತ್ತೊಂಬತ್ತು ಕಳುಹಿಸಿ.’

ಒತ್ತಿದರು. ಪರೀಕ್ಷಕರ ಜೇಬಿನಲ್ಲಿ ಫೋನು ಟಣ್ ಎಂದಿತು.

ಅವರು ಫೋನು ತೆಗೆದು ಓದಿದರು. ಇನ್ನೊಮ್ಮೆ ಓದಿದರು. ಮೀಸೆಯ ಕೆಳಗೆ ಏನೋ ಅಲುಗಾಡಿತು.

“ನಾನು ಕೇಳಿದ್ದು ಪರೀಕ್ಷೆ ಮೇಡಂ, ಅರ್ಜಿ ಅಲ್ಲ.”

“ಬಂತಾ ಸರ್? ನಿಜವಾಗ್ಲೂ ನಿಮಗೆ ಬಂತಾ?” ಮೇಡಂಗೆ ಮಿಕ್ಕಿದ್ದೇನೂ ಕೇಳಿಸಿರಲಿಲ್ಲ.

ಪರೀಕ್ಷಕರು ಹೆಬ್ಬೆರಳಿನಿಂದ ಫೋನಿನಲ್ಲಿ ಏನೋ ಬರೆದರು. ಮೇಡಂ ಎದುರಿನ ಪರದೆಯಲ್ಲಿ ಒಂದು ಹೊಸ ಸಾಲು ದಪ್ಪಕ್ಷರದಲ್ಲಿ ಮೂಡಿತು. ಉತ್ತರ! ಈ ಕೋಣೆಗೆ ಹೊರಗಿನಿಂದ ಪತ್ರ ಬಂದದ್ದು ಇದೇ ಮೊದಲು. ಪಟಾಕಿಗೆ ಇನ್ನು ತಡೆಯಲಾಗಲಿಲ್ಲ. “ಪತ್ರ ಬಂತು ಕಣ್ರೋ!” ಎಂದು ಕಿರುಚಿ ಬಾಗಿಲಿಗೆ ನುಗ್ಗಿದಳು, ಹಿಂದೆಯೇ ಇಡೀ ದಂಡು. ಕೈಗಳೆಲ್ಲ ಮೌಸಿನ ಮೇಲೆ ಮುಗಿಬಿದ್ದವು.

“ಯಾರೂ ಮುಟ್ಟಬೇಡಿ!” ಮೇಡಂ ಎರಡೂ ತೋಳುಗಳಿಂದ ಕಂಪ್ಯೂಟರನ್ನು ಕಾಯ್ದುಕೊಂಡರು. “ಇದು ನನಗೆ ಬಂದಿರೋದು. ನಾನೇ ತೆಗೀತೀನಿ.”

ತೆಗೆದರು. ಇಪ್ಪತ್ತೆಂಟು ಗಂಟಲು ಒಟ್ಟಿಗೆ ಓದಿದವು: ‘ಒಂಬತ್ತೂ ಇಲ್ಲೇ ಇರುತ್ತವೆ. ಹತ್ತೊಂಬತ್ತು ನನ್ನ ಕೈಯಲ್ಲಿಲ್ಲ. ಕೇಳಿ ನೋಡುತ್ತೇನೆ.’

ಆಮೇಲೆ ಆ ಕೋಣೆಯಲ್ಲಿ ಎದ್ದ ಗಲಾಟೆಗೆ ದೊಡ್ಡ ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದರು. ಮಕ್ಕಳು ಬೆಂಚಿನ ಮೇಲೆ ಕುಣಿಯುತ್ತಿದ್ದರು, ಪರೀಕ್ಷಕರು ಕನ್ನಡಕ ತೆಗೆದು ನಗುತ್ತಿದ್ದರು. ಹೊಲಿಗೆ ಮೇಡಂ ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. ಬಂದ ಉತ್ತರಕ್ಕೆ ಅವರು ಉತ್ತರ ಬರೆಯುತ್ತಿದ್ದರು.