ಭಾನುವಾರ ಮಧ್ಯಾಹ್ನದ ಓದು

ಭಾನುವಾರ ಊಟವಾದ ಮೇಲೆ ದೇವರಾಯಸಮುದ್ರದ ವೆಂಕಟರತ್ನಮ್ಮನ ಪಡಸಾಲೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹೆಚ್ಚುವ ಕೆಲಸ. ಅಕ್ಕಪಕ್ಕದ ಮನೆಯ ಮುನಿಯಲ್ಲಮ್ಮ, ಅಕ್ಕಯಮ್ಮ ತಮ್ಮ ಕತ್ತಿ ಹಿಡಿದೇ ಬರುತ್ತಿದ್ದರು. ಮಗ ಮುರಳಿಮೋಹನ್ ಕನ್ನಡ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಶಾಲೆಯ ದಿನಗಳಲ್ಲಿ ಶುರುವಾದ ಈ ರೂಢಿ, ಅವನು ಮುಳಬಾಗಿಲಿನ ಸಹಕಾರ ಸಂಘದಲ್ಲಿ ಲೆಕ್ಕಿಗನಾದ ಮೇಲೂ ನಿಂತಿರಲಿಲ್ಲ. ಕಥೆಯಲ್ಲಿ ಅತ್ತೆ ಸೊಸೆಯನ್ನು ಬೈದರೆ ಇಲ್ಲಿ ಕತ್ತಿಗಳು ಜೋರಾಗಿ ಓಡುತ್ತಿದ್ದವು. ಅಂಥ ಮಧ್ಯಾಹ್ನಗಳು ಈಗ ಕೇಳಿದರೂ ಸಿಗುವುದಿಲ್ಲ.

ಎರಡು ಸಾವಿರದ ಒಂದರಲ್ಲಿ ಸಂಘಕ್ಕೆ ಕಂಪ್ಯೂಟರ್ ಬಂತು. ಅದನ್ನು ಕಲಿಯದಿದ್ದರೆ ತನಗೆ ಉಳಿಗಾಲವಿಲ್ಲವೆಂದು ಮುರಳಿ ಹೆದರಿದ. ವಾರಪತ್ರಿಕೆ ಬಿಟ್ಟು ಕಂಪ್ಯೂಟರ್ ಪತ್ರಿಕೆ ತರಲಾರಂಭಿಸಿದ. ರಜೆಯ ದಿನವೆಲ್ಲ ಅದರಲ್ಲೇ ಮುಳುಗಿರುತ್ತಿದ್ದ, ಮಾತಾಡಿಸಿದರೆ ಸಿಡುಕುತ್ತಿದ್ದ.

ವೆಂಕಟರತ್ನಮ್ಮನ ತವರು ಗಡಿಯಾಚೆ. ಓದಲು ಬರುತ್ತಿದ್ದುದು ತೆಲುಗು ಮಾತ್ರ. ಒಂದು ಭಾನುವಾರ ಹೆಂಗಸರು ಸೊಪ್ಪು ಹೆಚ್ಚುತ್ತಿರುವಾಗ ಮುರಳಿ ತೆಲುಗು ವಾರಪತ್ರಿಕೆ ತಂದು ಆಕೆಯ ಕೈಗಿಟ್ಟ.

"ಇದನ್ನ ನೀನೇ ಓದ್ಕೋಬಹುದಮ್ಮ. ನನ್ನ ಕಾಯ್ಬೇಕಾಗಿಲ್ಲ."

"ಒಬ್ಳೇ ಓದ್ಕೊಳ್ಳೋಕೆ ಇದೇನು ಜಾತಕಾನಾ ನಾಯ್ನಾ?" ಆಕೆ ಪತ್ರಿಕೆಯನ್ನು ಪಕ್ಕಕ್ಕಿಟ್ಟಳು.

"ಹೊಸದು ಕಲೀದಿದ್ರೆ ಆಫೀಸಲ್ಲಿ ಮೂಲೆಗೆ ಕೂರಿಸ್ತಾರೆ. ಪ್ರಪಂಚ ಓಡ್ತಾ ಇದೆಯಮ್ಮ."

"ಕಲಿ, ಬೇಡ ಅನ್ನಲ್ಲ. ಒಂದ್ ಮಧ್ಯಾಹ್ನ ನಮ್ ಜೊತೆ ಕೂತ್ರೆ ಅದೇನು ಕೈಗೆ ಸಿಗದಷ್ಟು ದೂರ ಓಡ್ಬಿಡುತ್ತಾ?"

ಅವನು ಕಂಪ್ಯೂಟರ್ ಪತ್ರಿಕೆಯ ಹಾಳೆ ತಿರುವಿದ.

"ಸರಿ, ನಿನ್ ಕೈಲಿರೋದನ್ನೇ ಗಟ್ಟಿಯಾಗಿ ಓದು. ನಾವೂ ಕೇಳ್ತೀವಿ" ಎಂದಳು ತಾಯಿ.

ಇಲ್ಲವೆನ್ನಲಾರದೆ ಓದಿದ. ಹೊಸ ಪ್ರೊಸೆಸರಿನ ವೇಗ, ಯಾವುದೋ ವೈರಸ್ಸಿನ ಕಾಟ, ಹಾರ್ಡ್ ಡಿಸ್ಕಿನ ಅಳತೆ. ಹೆಂಗಸರು ಪುರಾಣ ಕೇಳುವವರಂತೆ ಕೇಳಿದರು. ಕೊನೆಗೆ ಅಕ್ಕಯಮ್ಮ ಮೆಲ್ಲಗೆ, "ಇದ್ರಲ್ಲಿ ಯಾರ್ ಮದುವೇನೂ ಆಗಲ್ವೇನಪ್ಪ?" ಎಂದಳು.

ಮುರಳಿಗೆ ನಗು ತಡೆಯಲಾಗಲಿಲ್ಲ. "ಅರ್ಥವೇ ಆಗ್ದಿದ್ರೆ ಇಷ್ಟೊತ್ತು ಯಾಕ್ ಕೇಳಿದ್ರಿ?"

"ನಿನ್ ದನಿ ಕೇಳಿ ಎಷ್ಟು ದಿನ ಆಗಿತ್ತು" ಎಂದಳು ವೆಂಕಟರತ್ನಮ್ಮ. "ಮನೇಲೇ ಇರ್ತೀಯ. ಊಟ, ನೀರು ಅನ್ನೋದು ಬಿಟ್ರೆ ಮಾತೇ ಇಲ್ಲ."

ಅವನು ಕೈಯಲ್ಲಿದ್ದ ಪತ್ರಿಕೆ ಮಡಚಿಟ್ಟ. ಎದ್ದು ಸೈಕಲ್ ತುಳಿದುಕೊಂಡು ಹೋಗಿ, ಹೆದ್ದಾರಿಯ ಅಂಗಡಿಯಿಂದ ಮೊದಲು ಓದುತ್ತಿದ್ದ ವಾರಪತ್ರಿಕೆಯನ್ನೇ ಕೊಂಡು ತಂದ. ಕೂತ ಮೇಲೆ ನೆನಪಾಯಿತು, ಕಥೆ ಎಲ್ಲಿಗೆ ನಿಂತಿತ್ತೆಂದು ತನಗೇ ಗೊತ್ತಿಲ್ಲ.

"ಜಲಜಾಕ್ಷಿ ಎಲ್ಲಿಗೆ ಬಂದಿದ್ಲು?" ಎಂದು ಧಾರಾವಾಹಿಯ ನಾಯಕಿಯ ವಿಷಯ ಕೇಳಿದ.

"ಅವಳ ಮದುವೆ ಮಾಡಿ ಮುಗಿಸಿದ್ವಿ" ಎಂದಳು ಮುನಿಯಲ್ಲಮ್ಮ. "ನೀನು ಓದೋದು ಬಿಟ್ಟೆ. ಎಷ್ಟು ದಿನ ಅಂತ ಆ ಹುಡುಗೀನ ಬಸ್‌ಸ್ಟ್ಯಾಂಡಲ್ಲೇ ನಿಲ್ಲಿಸಿರೋದು?"

ತಾವೇ ಕಟ್ಟಿದ ಕಥೆಯನ್ನು ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಮುರಳಿ ಪತ್ರಿಕೆ ತೆರೆಯಲಿಲ್ಲ. ತಾಯಿಯ ಪಕ್ಕ ಸರಿದು ಕೂತು, ಒಂದು ಕತ್ತಿ ತೆಗೆದುಕೊಂಡು ಸೊಪ್ಪು ಹೆಚ್ಚುತ್ತಾ, "ಆಮೇಲೆ?" ಎಂದ.