ಅಸಲಪ್ಪನ ಕೀಲಿಕೈ

ಊರಿನವರೆಲ್ಲ ಅವನನ್ನು ಅಸಲಪ್ಪನೆಂದೇ ಕರೆಯುತ್ತಿದ್ದರು. ಹಳೆಯ ಫೋನೋಗ್ರಾಫಿನ ಸ್ಪ್ರಿಂಗ್ ಬಿಗಿಯುವ ಕೀಲಿಕೈಯಾಗಲಿ, ಕಹಳೆಯಾಗಲಿ, ಸೂಜಿಯ ಡಬ್ಬಿಯಾಗಲಿ, ಮುಂದೆ ತಂದಿಟ್ಟ ಕೂಡಲೇ "ಇದು ಅಸಲಿಯೋ?" ಎಂದು ಕೇಳುವುದು ಅವನ ನಾಲಗೆಗೆ ಅಂಟಿದ ಚಾಳಿ. ನಡುಕೋಣೆಯ ಗೋಡೆಗೆ ಹಸಿರು ಬಟ್ಟೆ ಹೊದಿಸಿದ ಹಲಗೆ. ಅದರ ತುಂಬ ಮುನ್ನೂರಕ್ಕೂ ಮಿಕ್ಕಿದ ಕೀಲಿಕೈಗಳು, ಪ್ರತಿಯೊಂದರ ಕೊರಳಿಗೂ ಒಂದು ಚೀಟಿ. ಯಂತ್ರ ಕಟ್ಟಿದವರೇ ಯಂತ್ರದೊಡನೆ ಕೊಟ್ಟು ಕಳುಹಿಸಿದ್ದು ಮಾತ್ರ ಅಸಲಿ; ಮಿಕ್ಕಿದ್ದೆಲ್ಲ ಅವನ ಪಾಲಿಗೆ ಕಬ್ಬಿಣದ ಚೂರು.

ಹಲಗೆಯ ನಟ್ಟನಡುವಿನ ಒಂದು ಮೊಳೆ ಮಾತ್ರ ನಲವತ್ತು ವರ್ಷಗಳಿಂದ ಬರಿದಾಗಿತ್ತು. ಅದು ಅಪ್ಪನ ಯಂತ್ರದ ಕೀಲಿಕೈಗೆಂದು ಹೊಡೆದ ಮೊಳೆ.

ಅಪ್ಪ ಫೋನೋಗ್ರಾಫ್ ರಿಪೇರಿಯವನು. ಒಂದು ಮಧ್ಯಾಹ್ನ ಹೆಂಡತಿಯನ್ನು ಕಹಳೆಯ ಮುಂದೆ ಕೂರಿಸಿ, ಮೇಣದ ಉರುಳೆಯ ಮೇಲೆ ಅವಳ ಎರಡು ನಿಮಿಷದ ಮಾತನ್ನು ಕೊರೆದು ಹಿಡಿದಿದ್ದ. ಅದೇ ವರ್ಷ ಅವಳು ತೀರಿಹೋದಳು. ಅಪ್ಪ ಆ ಯಂತ್ರವನ್ನು ಮುಚ್ಚಿಟ್ಟುಬಿಟ್ಟ; ಮಕ್ಕಳು ಅದರ ಕೀಲಿಕೈಯನ್ನೂ ಕಂಡಿರಲಿಲ್ಲ. ಆಗ ಅಕ್ಕನಿಗೆ ಏಳು ವರ್ಷ. ಅಸಲಪ್ಪ ಹನ್ನೊಂದು ತಿಂಗಳ ಕೂಸು. ಅಪ್ಪ ಕಾಲವಾದ ಮೇಲೆ ಯಂತ್ರವೂ ಉರುಳೆಯೂ ಮಗನ ಪಾಲಿಗೆ ಬಂದವು. ಅಂಗಡಿ ಖಾಲಿ ಮಾಡಿದ ಗದ್ದಲದಲ್ಲಿ ಕೀಲಿಕೈ ಮಾತ್ರ ಕಣ್ಮರೆಯಾಯಿತು.

"ಯಾವುದಾದ್ರೂ ಒಂದು ಕೀಲಿ ತಿರುಗಿಸಿ ಹಾಕೋ, ಒಂದೇ ಒಂದು ಸಲ ಕೇಳ್ತೀನಿ," ಎಂದು ಅಕ್ಕ ವರ್ಷ ವರ್ಷವೂ ಗೋಗರೆಯುತ್ತಿದ್ದಳು.

"ಮೇಣ ಅಕ್ಕಾ ಅದು. ನುಡಿಸಿದಷ್ಟೂ ಸವೆಯುತ್ತೆ. ನಕಲಿ ಕೀಲಿ ಹಾಕಿ ಸ್ಪ್ರಿಂಗ್ ಜಾರಿದ್ರೆ ಉರುಳೇನೇ ಒಡೆದುಹೋಗುತ್ತೆ. ಅಸಲಿ ಸಿಗ್ಲಿ, ತಾಳು."

"ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅಂತಾರೆ. ನಿಂಗೆ ಎರಡೂ ಆಗ್ಲಿಲ್ಲ ನೋಡು," ಎಂದು ಅವಳು ನಗುತ್ತಿದ್ದಳು.

ಈಗ ನಗು ನಿಂತಿತ್ತು. ಅಕ್ಕನ ಬಲಗಿವಿ ಎಂದೋ ಸತ್ತಿತ್ತು. ಎಡಗಿವಿಯ ಹಿಂದೆ ಗಡ್ಡೆ ಬೆಳೆದು, ನರವನ್ನು ಸುತ್ತಿಕೊಂಡಿತ್ತು; ಹತ್ತಿರದಿಂದ ಕೂಗಿದ್ದು ಮಾತ್ರ ಕೇಳುತ್ತಿತ್ತು. ನಾಳೆ ಬೆಳಗ್ಗೆ ಶಸ್ತ್ರಚಿಕಿತ್ಸೆ. ಜೀವ ಉಳಿಯುತ್ತದೆ, ಕಿವಿ ಉಳಿಯುವುದಿಲ್ಲ ಎಂದು ವೈದ್ಯರು ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದು ತೋರಿಸಿದ್ದರು. ಇಂದು ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ವಾಹನ ಬರುವುದಿತ್ತು.

ಕೀಲಿಕೈ ಎಲ್ಲಿದೆಯೆಂದು ಅಸಲಪ್ಪನಿಗೆ ಒಂದು ವಾರದಿಂದ ತಿಳಿದಿತ್ತು. ಹಳೆಯ ಕ್ಯಾಟಲಾಗಿನ ಹಾಳೆಯೊಂದರಲ್ಲಿ ಅದರ ಚಿತ್ರ ಸಿಕ್ಕಿತ್ತು: ಮೂರು ಎಸಳಿನ ಹಿಡಿ, ನಡುವಿನ ಎಸಳಿಗೆ ತೂತು. ನೋಡಿದೊಡನೆ ಅವನಿಗೆ ನೆನಪಾಯಿತು. ಹನ್ನೆರಡು ವರ್ಷಗಳ ಹಿಂದೆ, ಸಂಗ್ರಾಹಕರ ಭಾನುವಾರದ ಕೂಟದಲ್ಲಿ, ಗಡಿಯಾರ ರಿಪೇರಿಯವನು ತಂದಿದ್ದ ಅಂಥದೇ ಕೀಲಿಕೈಯನ್ನು ಎತ್ತಿ ಹಿಡಿದು, "ನಕಲಿ! ಆಲೂಗಡ್ಡೆ ಸುಲಿಯೋಕೆ ಇಟ್ಕೋ," ಎಂದು ಎಲ್ಲರ ಮುಂದೆ ನಗೆಪಾಟಲು ಮಾಡಿದವನು ತಾನೇ. ಅವನ ಮುಂದೆ ಹೋಗಿ ಕೈಯೊಡ್ಡುವುದು ಹೇಗೆ? ಒಂದು ವಾರ ಮೀಸೆ ಮಣ್ಣಾಗುವ ಭಯದಲ್ಲೇ ಕಳೆಯಿತು. ಇಂದು ಮಧ್ಯಾಹ್ನ ಎರಡು ಹೊಡೆದಾಗ ಅಕ್ಕ ಬಟ್ಟೆಯ ಚೀಲದ ಬಾಯಿ ಬಿಗಿಯುವುದನ್ನು ಕಂಡು, ಗಡಿಯಾರದಂಗಡಿಗೆ ಓಡಿದ.

"ಏನ್ ಅಸಲಪ್ನೋರೇ, ದಾರಿ ತಪ್ಪಿ ಬಂದ್ರಾ?" ಗಡಿಯಾರದವನು ಕೆಲಸದಿಂದ ತಲೆಯೆತ್ತದೆ ಕೇಳಿದ. "ಇಲ್ಲಿರೋದೆಲ್ಲ ನಕಲಿ ಮಾಲು."

"ಆ ಕೀಲಿಕೈ ಬೇಕಾಗಿತ್ತು."

"ಆಲೂಗಡ್ಡೇದಾ?"

ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ತಿರುಗಿ ನೋಡಿದರು. ಅಸಲಪ್ಪ ಕಟ್ಟೆಗೆ ಎರಡೂ ಕೈ ಊರಿದ. "ನಾನು ತಪ್ಪು ಹೇಳಿದ್ದೆ. ಅದು ಅಸಲಿ. ನಮ್ಮಪ್ಪನ ಯಂತ್ರದ್ದೇ. ಅಕ್ಕಂಗೆ ನಾಳೆಯಿಂದ ಕಿವಿ ಇರಲ್ಲ ಮಾರಾಯ. ನಾಲ್ಕು ಗಂಟೆಗೆ ಆಸ್ಪತ್ರೆ ಗಾಡಿ ಬರುತ್ತೆ. ಅಷ್ಟರೊಳಗೆ ಅಮ್ಮನ ದನಿ ಕೇಳಿಸ್ಬೇಕು."

ಗಡಿಯಾರದವನ ಮುಖದ ಕೊಂಕು ಇಳಿಯಿತು. ಖಾನೆಯೆಳೆದು, ಹುಡುಕಾಡಿ, ಕೀಲಿಕೈಯನ್ನು ತಂದು ಕಟ್ಟೆಯ ಮೇಲಿಟ್ಟ. "ತಗೊಂಡ್ಹೋಗಿ. ನಿಮ್ಮ ಹಲಗೆಗಲ್ಲ, ಅಕ್ಕಂಗೆ."

ಆಗಲೇ ಓಡಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅಸಲಪ್ಪ ಕನ್ನಡಕ ತೆಗೆದು ಕಟ್ಟೆಯ ಮೇಲಿಟ್ಟ, ಗಡಿಯಾರದವನ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ, ಕೀಲಿಕೈಯನ್ನು ಬೆಳಕಿಗೆ ಹಿಡಿದು ತಯಾರಕರ ಮುದ್ರೆಯನ್ನು ಹುಡುಕಿದ. ಸವೆದಿದ್ದರೂ ಮುದ್ರೆ ಇತ್ತು.

"ಈಗ್ಲೂ ಪರೀಕ್ಷೇನಾ? ದೇವರು ಬಂದ್ರೂ ನೀವು ಮುದ್ರೆ ಕೇಳೋರೇ ಬಿಡಿ!" ಎಂಬ ಮಾತು ಕಿವಿಗೆ ಬೀಳುವ ಹೊತ್ತಿಗೆ ಅವನು ಬೀದಿಯಲ್ಲಿದ್ದ. ಕನ್ನಡಕ ಕಟ್ಟೆಯ ಮೇಲೆಯೇ ಉಳಿಯಿತು.

ಮನೆ ಮುಟ್ಟಿದಾಗ ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಅಪ್ಪನ ಯಂತ್ರಕ್ಕೆ ಕೀಲಿಕೈ ಬೆಣ್ಣೆಗೆ ಚಾಕು ಇಳಿದಂತೆ ಇಳಿಯಿತು. ಒಳಗೆ ಸ್ಪ್ರಿಂಗ್ ಕಿರ್‍ರೆಂದು ಬಿಗಿಯಾಯಿತು. ಅಕ್ಕ ಕುರ್ಚಿಯನ್ನು ಎಳೆದುಕೊಂಡು ಕಹಳೆಯ ಬಾಯಿಗೆ ಬಂದು ಕುಳಿತಳು.

ಮಖಮಲ್ಲಿನ ಪೆಟ್ಟಿಗೆಯಲ್ಲಿ, ಕಹಳೆಯ ಬುಡಕ್ಕೆ ಕೂರಿಸಿ ಉರುಳೆಗೆ ತಾಕಿಸುವ ಎರಡು ದುಂಡನೆಯ ತಲೆಗಳಿದ್ದವು. ಒಂದು ನುಡಿಸುವ ತಲೆ, ಇನ್ನೊಂದು ಮೇಣದ ಮೇಲೆ ಹೊಸ ದನಿ ಕೊರೆಯುವ ತಲೆ. ಗಾತ್ರ ಒಂದೇ, ತೂಕ ಒಂದೇ; ನುಡಿಸುವುದರ ಮೊನೆ ಸಾಸಿವೆಯಂತೆ ನುಣುಪು, ಕೊರೆಯುವುದರ ಮೊನೆ ಕ್ಷೌರದ ಕತ್ತಿಯಂತೆ ಹರಿತ. ಅಸಲಪ್ಪ ಕನ್ನಡಕಕ್ಕಾಗಿ ಜೇಬು ತಡಕಿದ. ಇರಲಿಲ್ಲ.

"ನಾನು ನೋಡಿ ಹೇಳ್ಲೇನೋ?" ಎಂದಳು ಅಕ್ಕ.

"ಬೇಡ. ಇವು ನನ್ನ ಕೈಯಲ್ಲಿ ಬೆಳೆದ ಮಕ್ಕಳು," ಎಂದು ಕೂಗಿ ಹೇಳಿ, ಒಂದನ್ನೆತ್ತಿ ಕೂರಿಸಿದ. ಉರುಳೆ ತಿರುಗಿತು. ಅಕ್ಕ ಕಹಳೆಯೊಳಗೆ ಮುಖವಿಟ್ಟು ಕಣ್ಣು ಮುಚ್ಚಿದಳು.

"ಕೇಳಿಸ್ತಾ ಅಕ್ಕಾ?" ಅವನು ಕಹಳೆಯ ಬಳಿಗೇ ಬಗ್ಗಿ ಕಿರುಚಿದ.

"ಇಲ್ವಲ್ಲೋ."

ಒಂದು ನಿಮಿಷ, ಒಂದೂವರೆ ನಿಮಿಷ ಕಳೆಯಿತು. ಅವನು ಮತ್ತೆ ಕಹಳೆಯ ಬಳಿಗೆ ಬಗ್ಗಿದ. "ಸರಿಯಾಗಿ ಕಿವಿ ಕೊಡು! ಕೇಳಿಸ್ತಾ?"

"ಬರೀ ಸರಸರ ಅಂತಿದೆ ಕಣೋ."

ಮೇಜಿಗೆ ಊರಿದ ಅವನ ಅಂಗೈಗೆ ಏನೋ ತಾಕಿತು. ಕೂದಲೆಳೆಯಂಥದು, ಸುರುಳಿ ಸುರುಳಿಯಾಗಿ, ಮೆತ್ತಗೆ. ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯ ನೆಲದ ಮೇಲೆ ಅವನು ಗುಡಿಸುತ್ತಿದ್ದ ಮೇಣದೆಳೆ ಅದು; ದನಿಯನ್ನು ಕೊರೆಯುವಾಗಲಲ್ಲದೆ ನುಡಿಸುವಾಗ ಅದು ಬೀಳುವುದಿಲ್ಲ. ತಲೆಯನ್ನು ಕಿತ್ತೆತ್ತಿದ. ಉರುಳೆಯ ಕೊನೆಯಲ್ಲಿ ಒಂದು ಬೆರಳಗಲ ಮಾತ್ರ ಹಳೆಯ ಗೆರೆ ಉಳಿದಿತ್ತು.

ಹೊರಗೆ ವಾಹನದ ಹಾರ್ನ್ ಕೂಗಿತು. ಅದು ಅವನಿಗೆ ಕೇಳಿಸಿತು, ಅವಳಿಗಿಲ್ಲ.

"ಅಕ್ಕಾ, ಅಮ್ಮನ್ನ ನಾನೇ ಕೆರೆದು ಹಾಕ್ಬಿಟ್ಟೆ."

ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಗಂಟಲು ಹರಿಯುವಂತೆ, ಆ ಮಾತನ್ನೇ ಕೂಗಿ ಹೇಳಬೇಕಾಯಿತು. ಅಕ್ಕ ಅವನ ಅಂಗೈಯಲ್ಲಿದ್ದ ಮೇಣದೆಳೆಯನ್ನು ಬಹಳ ಹೊತ್ತು ನೋಡಿದಳು.

"ಪೂರ್ತಿನಾ?"

ಅವನು ಒಂದು ಬೆರಳು ಎತ್ತಿ ತೋರಿಸಿದ.

"ಅಷ್ಟನ್ನಾದ್ರೂ ಹಾಕು. ಈ ಸಲ ನಾನು ಆರಿಸ್ತೀನಿ." ಪೆಟ್ಟಿಗೆಯಲ್ಲಿ ಉಳಿದಿದ್ದ ತಲೆಯನ್ನೆತ್ತಿ, ಮೊನೆಯ ಮೇಲೆ ಬೆರಳಾಡಿಸಿ, ಅವನ ಕೈಗಿಟ್ಟಳು.

ಕನ್ನಡಕವಿಲ್ಲದೆ ಅವನು ತಲೆಯನ್ನು ಉಳಿದ ಗೆರೆಗಿಂತ ತುಸು ಹಿಂದಕ್ಕೇ ಇಳಿಸಿದ. ಕಹಳೆಯಿಂದ ಮೊದಲು ಬಂದದ್ದು ಅವನದೇ ಆರ್ತ ದನಿ: "ಸರಿಯಾಗಿ ಕಿವಿ ಕೊಡು! ಕೇಳಿಸ್ತಾ?" ಅದರ ಹಿಂದೆಯೇ ಅಕ್ಕನದು: "ಬರೀ ಸರಸರ ಅಂತಿದೆ ಕಣೋ." ಒಂದು ಕರಕರ ಸದ್ದು. ಆಮೇಲೆ, ಬಾವಿಯ ತಳದಿಂದೆಂಬಂತೆ, ಎಳೆಯ ಹೆಂಗಸೊಬ್ಬಳ ದನಿ:

"ಸಾಕೇನ್ರೀ? ಇನ್ನೂ ಮಾತಾಡ್ಬೇಕಾ?" ಮತ್ತು ತಡೆಯಲಾರದೆ ಸಿಡಿದ ನಗು. ಉರುಳೆ ಮುಗಿಯಿತು.

ಅರವತ್ತೆಂಟು ವರ್ಷದ ಅಸಲಪ್ಪ ತನಗೆ ನೆನಪಿಲ್ಲದ ಆ ದನಿಯನ್ನು ಉಸಿರು ಹಿಡಿದು ಕೇಳಿದ. ಅಕ್ಕ ಕಹಳೆಯಿಂದ ಮುಖ ತೆಗೆಯಲಿಲ್ಲ.

ಬಾಗಿಲಲ್ಲಿ ಚಾಲಕ ಬಂದು ನಿಂತ. "ಅಮ್ಮಾ, ಹೊತ್ತಾಯ್ತು."

"ಇನ್ನೊಂದ್ಸಲ," ಎಂದಳು ಅಕ್ಕ, ಕಹಳೆಯ ಒಳಗಿನಿಂದಲೇ.

ಸವೆಯುತ್ತೆ ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು. ನುಂಗಿಕೊಂಡ. ಕೀಲಿಕೈ ತಿರುಗಿಸಿದ. "ಸಾಕೇನ್ರೀ?" ಎಂದಳು ಅಮ್ಮ. ಅಕ್ಕ ಒಂದು ಬೆರಳೆತ್ತಿದಳು. ಅವನು ಮತ್ತೆ ತಿರುಗಿಸಿದ. ಮತ್ತೊಂದು ಸಲ. ಚಾಲಕ ಚೀಲವನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟ. ಐದನೆಯ ಸಲಕ್ಕೆ ನಗುವಿನ ತುದಿ ಸರಸರದಲ್ಲಿ ಕರಗತೊಡಗಿತ್ತು. ಅಕ್ಕನ ಬೆರಳು ಇನ್ನೂ ಮೇಲೆಯೇ ಇತ್ತು.