ಕಣ್ಣು ಬಿಟ್ಟು ಮಾಡಿದ ಪ್ರಾರ್ಥನೆ

ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡುವ ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಪ್ರಾರ್ಥನೆ ಅಕ್ಕ ಎಂದೇ. ಬೆಳಿಗ್ಗೆ ಯಂತ್ರ ಶುರುವಾಗುವ ಮುನ್ನ ಎಲ್ಲರ ಪರವಾಗಿ ಪ್ರಾರ್ಥಿಸುವುದು ಎಂಟು ವರ್ಷದಿಂದ ಅವಳ ಪಾಲಿನ ಕೆಲಸ. ವಹಿಸಿದವರು ಯಜಮಾನರು, ಅವಳು ಹೋಗುವ ಚರ್ಚಿನಲ್ಲೇ ಹಿರಿಯರು, ಮುಂದಿನ ಬೆಂಚಿನವರು. ಅವಳೂ ಕಾಟಾಚಾರಕ್ಕೆ ಹೇಳುವವಳಲ್ಲ. "ತಂದೆಯೇ, ನಮ್ಮ ಕೈಗಳನ್ನು ಕಾಪಾಡು" ಎನ್ನುವಾಗ ದಿನವೂ ಒಬ್ಬೊಬ್ಬರ ಕೈಯನ್ನೂ ನೆನೆದು ಹೇಳುತ್ತಿದ್ದಳು.

ನೆನೆಯದೆ ಏನು? ಬಿಸಿ ರೋಲರಿನ ಬಾಯಿಗೆ ಒದ್ದೆ ಚಾದರ ಕೊಡುವವರ ಬೆರಳು ಒಳಗೆ ಹೋಗದಂತೆ ಒಂದು ಕಬ್ಬಿಣದ ಪಟ್ಟಿ ಇರಬೇಕು. ಇತ್ತು ಕೂಡ. ಅದಿದ್ದರೆ ಕೆಲಸ ಆಮೆ ನಡಿಗೆಯಾಗುತ್ತದೆಂದು, ಅಕ್ಕ ಸೇರುವ ಮೊದಲೇ ಯಜಮಾನರು ಬಿಚ್ಚಿಸಿ ಗೋಡೆಗೆ ಒರಗಿಸಿದ್ದರು. ಹೋದ ತಿಂಗಳು ಅವಳ ನಾದಿನಿಯ ಎರಡು ಬೆರಳು ರೋಲರಿನ ಪಾಲಾದವು. ಪಟ್ಟಿ ಹಾಕಿಸುವ ತನಕ ಕೆಲಸಕ್ಕಿಳಿಯುವುದಿಲ್ಲ ಎಂದು ಕೆಲಸಗಾರರ ಸಂಘ ತೀರ್ಮಾನಿಸಿತು.

ಅಕ್ಕ ಮಾತ್ರ ಸಂಘದ ಕಾಗದಕ್ಕೆ ರುಜು ಹಾಕಿರಲಿಲ್ಲ. ಯಜಮಾನನ ಮಾತು ಮೀರುವುದೆಂದರೆ ದೇವರ ಮಾತು ಮೀರಿದ ಹಾಗೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಪಾಸ್ಟರ್ ಹತ್ತಿರ ಹೋದರೆ, ಬೈಬಲ್ಲಿನಲ್ಲಿ ಸಂಘಕ್ಕೆ ಸೇರಬೇಡ ಎಂದೂ ಬರೆದಿಲ್ಲ, ಸೇರು ಎಂದೂ ಬರೆದಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಕಳಿಸಿದರು. ಪುಣ್ಯಾತ್ಮರು, ಅವರ ಹತ್ತು ಬೆರಳೂ ನೆಟ್ಟಗಿದ್ದವು. ಗಂಡನನ್ನು ಕೇಳಿದರೆ, ತನ್ನ ತಂಗಿಯ ಕೈ ನೋಡಿ ನೀನೇ ಯೋಚಿಸು ಎಂದು ಮುಖ ತಿರುಗಿಸಿದ.

ಮುಷ್ಕರದ ಬೆಳಿಗ್ಗೆ ಹೆಂಗಸರೆಲ್ಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು, ಸಂಘದ ಕಾಗದ ಇಟ್ಟುಕೊಂಡಿದ್ದ ನಾದಿನಿಯೂ. ಅಕ್ಕ ಅತ್ತ ಕೂರಲಾರದೆ ಇತ್ತ ಒಳಗೆ ಹೋಗಲಾರದೆ ನಿಂತಿದ್ದಳು. ಯಜಮಾನರು ಬಂದವರೇ ಬೈಯಲಿಲ್ಲ, ಜಾಣರು. ಪ್ರಾರ್ಥನೆಯೊಂದು ಆಗಲಿ, ಆಮೇಲೆ ನಿಮ್ಮಿಷ್ಟ ಎಂದರು. ಪ್ರಾರ್ಥನೆ ಬೇಡ ಎನ್ನುವುದು ಹೇಗೆ? ಎಲ್ಲರೂ ಒಳಗೆ ಬಂದು ರೋಲರಿನ ಮುಂದೆ ನಿಂತರು.

"ಇವರ ಮನಸ್ಸು ತಿರುಗಲಿ ಅಂತ ಕೇಳಿಕೊಳ್ಳಮ್ಮ" ಎಂದರು ಯಜಮಾನರು.

ಅಕ್ಕ ಕಣ್ಣು ಮುಚ್ಚಿದಳು. ರೂಢಿಯ ಮಾತೇ ಮೊದಲು ನಾಲಿಗೆಗೆ ಬಂತು: ನಮ್ಮ ಕೈಗಳನ್ನು ಕಾಪಾಡು. ಅಷ್ಟಕ್ಕೇ ನಿಂತಳು. ಎಂಟು ವರ್ಷ. ಪಟ್ಟಿ ಬಿಚ್ಚಿಸಿದವರು ದಿನಾ ಪಕ್ಕದಲ್ಲೇ ನಿಂತಿರುವಾಗ ಅವಳು ದೇವರ ಬೆನ್ನು ಬಿದ್ದಿದ್ದಳು. ದೇವರೇನು ಸ್ಪ್ಯಾನರ್ ಹಿಡಿದು ಇಳಿದು ಬರುತ್ತಾನೆಯೇ? ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ನಾದಿನಿಯ ಕೈ ನೆನೆದು ನಾಚಿಕೆಯಾಯಿತು. ಭಯವೊಂದು ಮಾತ್ರ ಹುಡುಕಿದರೂ ಸಿಗಲಿಲ್ಲ.

ಕಣ್ಣು ಬಿಟ್ಟು ಯಜಮಾನರತ್ತ ತಿರುಗಿದಳು. "ಸಾರ್, ನಮ್ಮ ಕೈ ಕಾಪಾಡಿ. ಆ ಪಟ್ಟಿ ಹಾಕಿಸಿ."

ಮುಚ್ಚಿದ್ದ ಕಣ್ಣುಗಳೆಲ್ಲ ಒಂದೊಂದಾಗಿ ತೆರೆದವು. ಯಜಮಾನರ ಮುಖ ಕೆಂಪಾಯಿತು. "ಪ್ರಾರ್ಥನೆ ಮಾಡಮ್ಮ ಅಂದ್ರೆ ಇದೇನು?"

"ಅದನ್ನೇ ಮಾಡ್ತಾ ಇದೀನಿ ಸಾರ್. ಇಷ್ಟು ವರ್ಷ ನಿಮ್ಮನ್ನ ಕೇಳಬೇಕಾದ್ದನ್ನ ದೇವರನ್ನ ಕೇಳ್ತಿದ್ದೆ. ಅವನು ತನ್ನ ಪಾಲಿನ ಕೆಲಸ ಮಾಡಿದಾನೆ, ನಿಮಗೂ ಎರಡು ಕೈ ಕೊಟ್ಟಿದಾನೆ."

ಅಷ್ಟು ಹೇಳಿ ಹೊರಗೆ ನಡೆದಳು. ಹೆಂಗಸರೂ ಹಿಂದೆಯೇ ಬಂದರು. ಮೆಟ್ಟಿಲ ಮೇಲೆ ಕೂತು ಕಾಗದ ಎಲ್ಲಿ ಎಂದು ನಾದಿನಿಯನ್ನು ಕೇಳಿ, ಮಂಡಿಯ ಮೇಲಿಟ್ಟುಕೊಂಡು ದೊಡ್ಡದಾಗಿ ರುಜು ಹಾಕಿದಳು.

ಒಳಗೆ ಯಜಮಾನರು ಕೈ ಜೋಡಿಸಿಕೊಂಡು ನಿಂತೇ ಇದ್ದರು. ಆಮೆನ್ ಅನ್ನುವುದಕ್ಕೆ ಅಲ್ಲಿ ಅವರೊಬ್ಬರೇ ಉಳಿದಿದ್ದರು.